ಮುರಿದ ಸೂಜಿಯ ಇನ್ನರ್ಧ

ಆಯಸ್ಕಾಂತಕ್ಕೆ ದಾರ ಕಟ್ಟಿ ಅದನ್ನು ನೆಲದ ಮೇಲೆ ಎಳೆದುಕೊಂಡು ಹೋಗುವುದು ದರ್ಜಿ ಅಂಗಡಿಯಲ್ಲಿ ಕಾಜಕ್ಕನ ಬೆಳಗಿನ ಮೊದಲ ಕೆಲಸ. ಬಾಗಿಲಿನಿಂದ ಶುರುಮಾಡಿ, ಕತ್ತರಿಸುವ ಮೇಜಿನ ಕೆಳಗೆ ನುಸುಳಿ, ಹೊಲಿಗೆ ಮಷೀನುಗಳ ಕಬ್ಬಿಣದ ಕಾಲಿಗೆ ಅಂಟದ ಹಾಗೆ ಸುತ್ತು ಬಳಸಿ, ಇಸ್ತ್ರಿ ಮೂಲೆಯಲ್ಲಿ ಮುಗಿಸಬೇಕು. ಆ ಹೊತ್ತಿಗೆ ಅವಳ ಭಾವ ಬಟ್ಟೆಯ ಮೇಲೆ ಗೆರೆ ಎಳೆಯುತ್ತಾರೆ, ಅವಳು ನೆಲದ ಮೇಲೆ ದಾರ ಎಳೆಯುತ್ತಾಳೆ. ಕೊನೆಗೆ ಆಯಸ್ಕಾಂತವನ್ನು ಎತ್ತಿದರೆ ಗುಂಡುಪಿನ್ನುಗಳೆಲ್ಲ ಮುಳ್ಳುಹಂದಿಯ ಹಾಗೆ ಎದ್ದು ನಿಂತಿರುತ್ತವೆ.

ಆ ದಿನವೂ ಪಿನ್ನುಗಳು ಬಂದವು. ಅವಳು ಹುಡುಕುತ್ತಿದ್ದದ್ದು ಬರಲಿಲ್ಲ.

ಕೆಲವು ದಿನಗಳ ಹಿಂದೆ ದಪ್ಪ ಬಟ್ಟೆಗೆ ತಗುಲಿ ಭಾವನ ಮಷೀನಿನ ಸೂಜಿ ಮುರಿದಿತ್ತು. ಮೇಲಿನ ತುಂಡು ಮಷೀನಿನಲ್ಲೇ ಸಿಕ್ಕಿತು. ಮೊನೆಯ ತುಂಡು ಎಲ್ಲಿಗೆ ಹಾರಿತೋ ಗೊತ್ತಾಗಲಿಲ್ಲ. ಸೂಜಿ ಮುರಿದರೆ ಎರಡೂ ತುಂಡು ಸಿಗಬೇಕು, ಸಿಗುವ ತನಕ ಅಂಗಡಿಯಿಂದ ಆ ಬಟ್ಟೆ ಆಚೆ ಹೋಗಬಾರದು ಎಂಬುದು ಭಾವನೇ ಮಾಡಿದ ಕಟ್ಟಳೆ. ಹಿಂದೊಮ್ಮೆ ಇಂಥದ್ದೇ ಚೂರಿಗಾಗಿ ಹೊಲಿದು ಮುಗಿಸಿದ ಕೋಟಿನ ಒಳಪದರವನ್ನೆಲ್ಲ ಬಿಚ್ಚಿಸಿದ್ದರು. ಈ ಸಲ ಬಟ್ಟೆಯನ್ನು ಕೊಡವಿ ನೋಡಿ ಅದರಲ್ಲಿಲ್ಲ ಎಂದು ಖಚಿತಮಾಡಿಕೊಂಡರು, ಆಮೇಲೆ "ನೆಲದ ಮೇಲೆ ಎಲ್ಲೋ ಬಿದ್ದಿರುತ್ತೆ, ಬಿಡು" ಅಂದುಬಿಟ್ಟರು.

ಭಾವ ಎಂದರೆ ಅವಳ ಸ್ವಂತ ಅಕ್ಕನ ಗಂಡ, ಆ ಅಂಗಡಿಯ ಯಜಮಾನರು. ಗುಂಡಿ ಹೊಲಿಯುವುದು, ಗುಂಡಿ ತೂರಲು ಕಾಜ ಹಾಕುವುದು ಅವಳ ಪಾಲಿನ ಕೆಲಸವಾದ್ದರಿಂದ ಅವಳು ಕಾಜಕ್ಕ. ಮೂರನೆಯವನು ಪ್ಯಾಂಟು ಹೊಲಿಯುವ ಪ್ಯಾಂಟಣ್ಣ. ಅವನ ಮಷೀನಿಗಿಂತ ಅವನ ಬಾಯಿ ಜೋರು.

"ಕಾಜಕ್ಕ ಕಾಜ ಹಾಕೋದು ಬಟ್ಟೆಗೆ, ಗುಂಡಿ ಹಾಕ್ಕೊಂಡಿರೋದು ಬಾಯಿಗೆ" ಎನ್ನುತ್ತಿದ್ದ ಅವನು. ಅವಳು ಹಲ್ಲಿನಿಂದ ನೂಲು ಕತ್ತರಿಸಿ ಮುಂದಿನ ಗುಂಡಿಗೆ ಹೋಗುತ್ತಿದ್ದಳು.

ಗಂಡನ ಮನೆ ಬಿಟ್ಟು ಒಂದು ಚೀಲ ಹಿಡಿದು ಅಕ್ಕನ ಬಾಗಿಲಿಗೆ ಬಂದಾಗ, ಒಂದು ಮಾತನ್ನೂ ಕೇಳದೆ ಕೈಗೆ ಸೂಜಿ ಕೊಟ್ಟವರು ಭಾವ. ಯಾಕೆ ಬಂದಳು, ಏನಾಯ್ತು ಎಂದು ನೆಂಟರು ಕೆದಕಿದಾಗಲೆಲ್ಲ "ನನಗೆ ಕಾಜಕ್ಕೆ ಜನ ಬೇಕಿತ್ತು, ನಾನೇ ಕರೆಸ್ಕೊಂಡೆ" ಎಂದು ಬಾಯಿ ಮುಚ್ಚಿಸುತ್ತಿದ್ದರು. ನಿಜ ಗೊತ್ತಿದ್ದೂ ಅದೊಂದೇ ಮಾತನ್ನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದರು. ಆ ಋಣ ಅವಳ ಬೆನ್ನ ಮೇಲಿತ್ತು.

ಭಾವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಅಂಗಡಿಯಿಂದ ಸಕ್ಕರೆ ಡಬ್ಬಿಯೇ ಹೊರಗೆ ಹೋಯಿತು. "ಮಾಸ್ಟರು ಕುಡಿಯೋದನ್ನೇ ನಾವೂ ಕುಡಿಯೋದು" ಎಂದು ಪ್ಯಾಂಟಣ್ಣ ಎದೆ ತಟ್ಟಿಕೊಂಡ. ಆಮೇಲೆ ದಿನಾ ನೂಲು ತರುವ ನೆಪದಲ್ಲಿ ಮೂಲೆಯ ಚಹಾದಂಗಡಿಗೆ ಹೋಗಿ ಮೀಸೆ ಒರೆಸಿಕೊಂಡು ಬರುತ್ತಿದ್ದ. ಭಾವನ ಬಾಯನ್ನು ಎಲ್ಲರೂ ಕಣ್ಣಲ್ಲಿ ಕಣ್ಣಿಟ್ಟು ಕಾದರು. ಗಿರಾಕಿಗಳು ಮಿಠಾಯಿ ತಂದರೆ ಬಾಗಿಲಲ್ಲೇ ಇಸಿದುಕೊಂಡರು. ಒಮ್ಮೆ ಊಟ ತಡವಾಗಿ ಭಾವನ ಕೈ ನಡುಗಿ ಮೈಯೆಲ್ಲ ಬೆವೆತಾಗ, ಪ್ಯಾಂಟಣ್ಣನೇ ಓಡಿಹೋಗಿ ಒಂದು ಮುಷ್ಟಿ ಸಕ್ಕರೆ ತಂದ. ಕಾಜಕ್ಕ ಅದನ್ನು ನೀರಿಗೆ ಹಾಕಿ ಕುಡಿಸಿದಳು. ಸುಧಾರಿಸಿಕೊಂಡ ಭಾವ ಹೇಳಿದ ಮೊದಲ ಮಾತು: "ಅಂಗಡಿ ಮಾತು ಮನೆಗೆ ಹೋಗಬಾರದು."

ಹೋಗಲಿಲ್ಲ. ದಿನಾ ಸಂಜೆ ಅಕ್ಕ "ಏನಾದ್ರೂ ಇದ್ರೆ ಹೇಳೇ" ಎಂದು ಕೇಳುತ್ತಿದ್ದಳು. "ಏನಿಲ್ಲ ಅಕ್ಕ" ಎಂದು ಇವಳು ಹೇಳುತ್ತಿದ್ದಳು.

ಬಟ್ಟೆ ನೆಲಕ್ಕೆ ಬೀಳುವ ಜಾಗವಾದ್ದರಿಂದ ಅಂಗಡಿಯೊಳಗೆ ಚಪ್ಪಲಿ ಇಲ್ಲ. ಪಿನ್ನು ತುಳಿದು "ಅಯ್ಯಪ್ಪಾ" ಎಂದು ಕುಣಿಯುವುದು ಅಲ್ಲಿ ಗಡಿಯಾರದ ಗಂಟೆಯಷ್ಟೇ ಮಾಮೂಲು. ಈಚೆಗೆ ಭಾವ ಒಮ್ಮೆಯೂ ಕುಣಿದದ್ದಿಲ್ಲ ಎಂಬುದನ್ನು ಗಮನಿಸಿದವಳು ಕಾಜಕ್ಕ ಒಬ್ಬಳೇ. ಆ ದಿನ ಬೆಳಿಗ್ಗೆ ಅವರು ಕಾಲುಚೀಲ ಹಾಕಿಕೊಂಡು ಕೆಲಸಕ್ಕೆ ಕೂತಿದ್ದರು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

"ಏನ್ ಮಾಸ್ಟ್ರೇ, ಸಾಹೇಬರ ಹಾಗೆ ಕಾಲುಚೀಲ?" ಎಂದ ಪ್ಯಾಂಟಣ್ಣ.

"ಚಳಿ ಕಣಯ್ಯ."

"ಚಳೀನಾ? ಹಾಗಾದ್ರೆ ಫ್ಯಾನ್ ಆರಿಸ್ಲಾ?"

"ನಿನ್ನ ಬಾಯಿ ಆರಿಸು, ಸಾಕು."

ಕಾಜಕ್ಕ ದಾರ ಸುತ್ತುತ್ತ ಮೇಜಿನ ಪಕ್ಕ ಕೂತಳು. ಅಲ್ಲಿ ನೆಲಕ್ಕೆ ಹಾಸಿದ್ದ ಬಿಳಿ ಬಟ್ಟೆಯ ಅಂಚಿನಲ್ಲಿ ಕಂದು ಕಲೆ ಇತ್ತು. ಸ್ವಲ್ಪ ಮುಂದೆ ಇನ್ನೊಂದು. ಮಷೀನಿನ ಎಣ್ಣೆಯೇ ಇರಬೇಕು ಎಂದುಕೊಂಡು ಉಗುರಿನಿಂದ ಕೆರೆದಳು. ಎಣ್ಣೆ ಹೀಗೆ ಪುಡಿಯಾಗಿ ಏಳುವುದಿಲ್ಲ. ಕಲೆಗಳ ಸಾಲು ಮೇಜಿನಿಂದ ಭಾವನ ಮಷೀನಿನವರೆಗೆ ಹೋಗಿತ್ತು.

ಪ್ಯಾಂಟಣ್ಣ ನೂಲಿಗೆಂದು ಹೋದ ಮೇಲೆ ಅವಳು ಮಷೀನಿನ ಪಕ್ಕ ನಿಂತಳು. "ಭಾವ, ಕಾಲು ತೋರಿಸಿ."

"ಯಾಕೆ, ಬೀಳ್ತೀಯಾ ಕಾಲಿಗೆ? ಅಷ್ಟು ದೊಡ್ಡೋನಾಗಿಲ್ಲ ನಾನು."

ಅವಳು ನಗಲಿಲ್ಲ. ಭಾವನ ಪಾದ ಪೆಡಲಿನ ಮೇಲೆ ನಿಂತಿತು.

"ಸಣ್ಣ ಗಾಯ. ಅರಿಶಿನ ಮೆತ್ತಿದ್ದೀನಿ. ನೋವೇ ಇಲ್ಲ."

"ನೋವಿಲ್ಲ ಅನ್ನೋದೇ ಭಯ ಭಾವ, ಸಕ್ಕರೆ ಕಾಯಿಲೇಲಿ ಕಾಲು ಮರಗಟ್ಟುತ್ತೆ. ದವಾಖಾನೇಲಿ ಹೇಳಿದ್ರಲ್ಲ, ದಿನಾ ಪಾದ ನೋಡ್ಕೊಬೇಕು ಅಂತ. ನಾವೆಲ್ಲ ನಿಮ್ಮ ಬಾಯಿ ನೋಡ್ತಾ ಕೂತ್ವಿ."

"ನಮ್ಮಣ್ಣನ ಕಥೆ ಗೊತ್ತಲ್ಲ ನಿಂಗೆ? ಬೆರಳು ತೋರಿಸೋಕೆ ಹೋದ, ಬೆರಳು ತೆಗೆದ್ರು. ಆಮೇಲೆ ಪಾದ. ಆಮೇಲೆ ಮೊಣಕಾಲಿನ ತನಕ. ಅಷ್ಟು ಚೆಂದ ಕೋಟು ಹೊಲೀತಿದ್ದ ಮನುಷ್ಯ, ಮಷೀನು ಮಾರಿ ಕಿಟಕೀಲಿ ಕೂತ."

"ಅವರು ತೋರಿಸಿದ್ದು ಕಪ್ಪಾದ ಮೇಲೆ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಬರೋ ತನಕ ಕಾದ್ರು."

ಇಷ್ಟು ಉದ್ದದ ಮಾತು ಅವಳ ಬಾಯಿಂದ ಅಂಗಡಿಯಲ್ಲಿ ಬಂದದ್ದೇ ಇಲ್ಲ. ಭಾವನಿಗೂ ಹಾಗನ್ನಿಸಿರಬೇಕು. ಅವರು ಕತ್ತರಿಯನ್ನು ಎತ್ತಿ ಮತ್ತೆ ಇಟ್ಟರು.

"ನಿನ್ನ ವಿಷಯ ನಾನು ಯಾರ ಹತ್ರಾನಾದ್ರೂ ಬಾಯಿ ಬಿಟ್ಟಿದ್ದೀನಾ?"

"ಇಲ್ಲ."

"ಮತ್ತೆ? ಮನೇಲಿ ಹೇಳಬೇಡ."

ಪೆಡಲು ಮತ್ತೆ ಓಡತೊಡಗಿತು. ಅವಳು ತನ್ನ ಜಾಗಕ್ಕೆ ಹೋಗಿ ಒಂದು ಅಂಗಿಗೆ ಗುಂಡಿ ಹೊಲಿದಳು. ಹೊಲಿದದ್ದು ತಲೆಕೆಳಗಾಗಿತ್ತು. ಬಿಚ್ಚಿ ಮತ್ತೆ ಹೊಲಿದಳು.

ಮಧ್ಯಾಹ್ನ ಅಕ್ಕ ಊಟದ ಡಬ್ಬಿ ತಂದಳು. ಭಾವ ಮಷೀನುಗಳಿಂದ ದೂರ ಮರದ ಸ್ಟೂಲಿನ ಮೇಲೆ ಕೂತು ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಪ್ಯಾಂಟಣ್ಣ ತನ್ನ ಡಬ್ಬಿ ಬಿಚ್ಚಿದ.

"ಮುಖ ಯಾಕೆ ಹೀಗಿದೆಯೇ? ಏನಾದ್ರೂ ಇದೆಯಾ?" ಎಂದಳು ಅಕ್ಕ, ತಂಗಿಯನ್ನು ನೋಡಿ.

ಭಾವ ತುತ್ತನ್ನು ಕೈಯಲ್ಲೇ ಹಿಡಿದು ಕೂತರು.

"ಸೂಜಿಯ ಚೂರು ಸಿಕ್ಕಿಲ್ಲ ಅಕ್ಕ, ಅಷ್ಟೇ" ಎಂದಳು ಕಾಜಕ್ಕ. ಅದು ಸುಳ್ಳಲ್ಲ. ತುತ್ತು ಭಾವನ ಬಾಯಿಗೆ ಹೋಯಿತು.

ಅವಳು ಗೋಡೆಯ ಮೊಳೆಯಿಂದ ಆಯಸ್ಕಾಂತವನ್ನು ಇಳಿಸಿದಳು. ಮಾತಾಡಬೇಡ ಅಂದಿದ್ದರು, ಹುಡುಕಬೇಡ ಅಂದಿರಲಿಲ್ಲ. ಹುಡುಕಲೇಬೇಕು ಎಂಬುದು ಅವರದೇ ಕಟ್ಟಳೆ. ಬೆಳಿಗ್ಗೆಯ ಹಾಗೆಯೇ ಬಾಗಿಲಿನಿಂದ ಹೊರಟು ಮೇಜಿನ ಕೆಳಗೆ ನುಸುಳಿದಳು. ಸ್ಟೂಲಿನ ಬಳಿಗೆ ಬಂದಾಗ ಭಾವನ ಪಾದಗಳು ಅವಳ ಕಣ್ಣ ಮುಂದೆಯೇ ಇದ್ದವು. ಕಲೆಗಳು ಭಾವನ ಮಷೀನಿಗೇ ಬಂದು ನಿಂತಿದ್ದವಲ್ಲ, ಸೂಜಿ ಮುರಿದದ್ದೂ ಅಲ್ಲೇ ಅಲ್ಲವೇ ಎಂದು ಅವಳಿಗೆ ಹೊಳೆದದ್ದು ಆಗ. ದಾರವನ್ನು ಒಂದಿಷ್ಟು ಆ ಕಡೆಗೆ ತಿರುಗಿಸಿದಳು.

ಆಯಸ್ಕಾಂತ ಸರ್ರನೆ ಜಾರಿ ಭಾವನ ಹಿಮ್ಮಡಿಯನ್ನು ಕಚ್ಚಿಕೊಂಡಿತು.

ಕಬ್ಬಿಣದ್ದೇನೂ ಹತ್ತಿರದಲ್ಲಿ ಇರಲಿಲ್ಲ. ಅವಳು ದಾರವನ್ನು ಮೆಲ್ಲಗೆ ಎಳೆದಳು. ಬಿಡಲಿಲ್ಲ. ಕಾಲುಚೀಲ ಅಲ್ಲೊಂದು ಕಡೆ ಸಣ್ಣಗೆ ಉಬ್ಬಿತು.

"ಉಪ್ಪು ಸ್ವಲ್ಪ ಕಮ್ಮಿ ಕಣೇ ಇವತ್ತು" ಎಂದರು ಭಾವ, ಊಟ ಮಾಡುತ್ತಲೇ.

ಅಕ್ಕ ಡಬ್ಬಿಯ ಮುಚ್ಚಳ ಹಿಡಿದುಕೊಂಡು ನಿಂತಿದ್ದಳು. ಅವಳ ಕಣ್ಣು ದಾರದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಅಲ್ಲೇ ನಿಂತಿತು. ಪ್ಯಾಂಟಣ್ಣ ತನ್ನ ಡಬ್ಬಿಯನ್ನು ನೆಲಕ್ಕಿಟ್ಟ. ಭಾವ ತಲೆಯೆತ್ತಿ ಎಲ್ಲರ ಮುಖ ನೋಡಿದರು. ಆಮೇಲೆ ಬಗ್ಗಿ ತಮ್ಮ ಕಾಲನ್ನು ನೋಡಿಕೊಂಡರು.

"ಭಾವ, ಕಾಲುಚೀಲ ತೆಗೀರಿ" ಎಂದಳು ಕಾಜಕ್ಕ.

ಫ್ಯಾನು ತಿರುಗುತ್ತಿತ್ತು. ಭಾವನ ಎಂಜಲು ಕೈ ತಟ್ಟೆಯ ಮೇಲೆಯೇ ಇತ್ತು. ಅಕ್ಕ ಗಂಡನನ್ನು ನೋಡಲಿಲ್ಲ, ತಂಗಿಯನ್ನು ನೋಡಿದಳು.

ಕಾಜಕ್ಕ ದಾರ ಬಿಡದೆ ನೆಲದ ಮೇಲೆಯೇ ಕೂತು ಇನ್ನೊಮ್ಮೆ ಹೇಳಿದಳು:

"ಕಾಲುಚೀಲ ತೆಗೀರಿ ಭಾವ."