ರುಮಾಲು ಹಾಕಿ ಹಿಡಿದ ಸೀಟು

ನಮ್ಮ ಮನೆಯವರು ಹತ್ತಿ ವ್ಯಾಪಾರಕ್ಕೆಂದು ಒಬ್ಬರೇ ಬೆಂಗಳೂರಿಗೆ ಹೋಗಿಬಂದು, ಲಾಲ್‌ಬಾಗಿನ ಗಾಜಿನ ಮನೆ ಹಾಗಿದೆ, ಹೂವು ಹೀಗಿವೆ ಎಂದು ವರ್ಣಿಸುತ್ತಿದ್ದರು. ನಿನಗೂ ತೋರಿಸುತ್ತೇನೆ ಎಂದು ಮದುವೆಯಾದಾಗಿನಿಂದ ಹೇಳಿದ್ದೇ ಹೇಳಿದ್ದು. ಪ್ರತಿ ಬೇಸಿಗೆಯೂ ಏನಾದರೊಂದು ಅಡ್ಡಿ. ಒಮ್ಮೆ ಹತ್ತಿ ಧಾರಣೆ ಏರಿತು, ಒಮ್ಮೆ ಇಳಿಯಿತು. ಏರಿದರೂ ಇಳಿದರೂ ನಾನು ಮಾತ್ರ ಮನೆಯಲ್ಲೇ. ಐವತ್ತೊಂಬತ್ತನೇ ಇಸವಿಯ ಬೇಸಿಗೆ ರಜೆಗೆ ಮಕ್ಕಳನ್ನು ತವರಿಗೆ ಕಳಿಸಿದೆ. ಬೆಂಗಳೂರಿನಲ್ಲಿದ್ದ ನಮ್ಮಕ್ಕ ಮರುಳಸಿದ್ದಮ್ಮನಿಗೆ ಬರುತ್ತೇವೆಂದು ಕಾಗದ ಹಾಕಿಸಿದೆ. ಇವರು ಬಾಯಿ ತೆರೆಯುವ ಮೊದಲೇ ಬುತ್ತಿ ಕಟ್ಟಿದೆ.

ಹೊರಟದ್ದೇನೋ ಹೊರಟೆವು, ಆದರೆ ಬೆಂಗಳೂರಿನ ಕಡೆಗಲ್ಲ, ಹಿಂದಕ್ಕೆ ಹರಿಹರದ ಕಡೆಗೆ! ಥರ್ಡ್ ಕ್ಲಾಸ್ ಡಬ್ಬಿಗೆ ನಮ್ಮೂರು ದಾವಣಗೆರೆಯಲ್ಲಿ ಜನ ಮುಗಿಬೀಳುತ್ತಾರೆ, ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ ಅಲ್ಲೇ ರೈಲು ಹತ್ತಿದರೆ ಬೆಂಗಳೂರಿನವರೆಗೆ ಆರಾಮಾಗಿ ಕೂತು ಹೋಗಬಹುದು ಎಂಬುದು ಇವರ ಯೋಚನೆ.

"ಕಸ್ತೂರಿ, ಸಸ್ತಾದಾಗ ಸಾವ್ಕಾರ್ರಂಗ ಹೋಗಾದು ನನ್ನ ನೋಡಿ ಕಲಿ" ಎಂದು ಬಸ್ಸಿನ ತುಂಬ ಜಂಬ.

ಸೀಟು ಹಿಡಿಯುವುದರಲ್ಲೂ ಅವರದೇ ವಿದ್ಯೆ. ಎಲ್ಲರೂ ಕಿಟಕಿಯಿಂದ ಟವೆಲ್ ಎಸೆದರೆ ಇವರು ತಲೆಯ ರುಮಾಲನ್ನೇ ಎಸೆಯುತ್ತಿದ್ದರು. "ಟವೆಲ್ ಆದ್ರೆ ಸರಿಸಿ ಕೂಡ್ತಾರೆ. ದೊಡ್ಡವರ ರುಮಾಲಿಗೆ ಕೈ ಹಚ್ಚೋ ಧೈರ್ಯ ಯಾರಿಗೈತೆ?" ಮಾತು ಸುಳ್ಳಲ್ಲ, ಯಾರೂ ಹಚ್ಚುತ್ತಿರಲಿಲ್ಲ.

ಹರಿಹರದಲ್ಲಿ ಗಾಡಿ ಬಂದು ನಿಂತದ್ದೇ ತಡ, ಇವರು ಓಡಿದರು. ನಾನು ಟ್ರಂಕು ಕಾಯುತ್ತ ನಿಂತೆ. ರುಮಾಲು ಎಸೆದು, ಗೆದ್ದ ಮುಖ ಮಾಡಿ ನನ್ನ ಕಡೆ ತಿರುಗಿದರು.

ಒಳಗಿದ್ದವನೊಬ್ಬ ಕೇಳಿದ: "ಎಲ್ಲಿಗ್ರಿ ಯಜಮಾನ್ರೆ?"

"ಬೆಂಗಳೂರಿಗೆ."

"ಇದು ಹುಬ್ಬಳ್ಳಿ ಗಾಡಿರೀ! ಬೆಂಗಳೂರು ಗಾಡಿ ಆ ಬದಿಗೆ ಬರ್ತೈತೆ. ತಗೊಳ್ರಿ ನಿಮ್ಮ ರುಮಾಲು" ಎಂದು ಆತ ರುಮಾಲಿನ ಕಡೆ ಕೈ ಚಾಚಿದ.

"ಮುಟ್ಟಬ್ಯಾಡ್ರಿ! ನಾನೇ ಬರ್ತೀನಿ!"

ಕೊಟ್ಟರೆ ಇಸಿದುಕೊಳ್ಳಬಾರದೇ? ಊಹೂಂ. ತಮ್ಮ ರುಮಾಲನ್ನು ಇನ್ನೊಬ್ಬರು ಮುಟ್ಟಬಾರದು, ಬರಿತಲೆಯಲ್ಲಿ ನಾಲ್ಕು ಜನರೆದುರು ನಿಲ್ಲಲೂಬಾರದು. ಜನರನ್ನು ತಳ್ಳಿಕೊಂಡು ಒಳಗೆ ಹೋದರು. ಗಾಡಿ ಸೀಟಿ ಹಾಕಿ ಹೊರಟೇಬಿಟ್ಟಿತು.

ರುಮಾಲು ಸುತ್ತಿಕೊಳ್ಳುತ್ತಲೇ ಕಿಟಕಿಯಿಂದ ಕೂಗಿದರು: "ಕಸ್ತೂರಿ, ಆ ಗಾಡ್ಯಾಗ ಹತ್ತಿ ದಾವಣಗೇರಿಗೆ ಇಳಿದು ಮನಿಗೆ ಹೋಗು! ಬೆಂಗಳೂರಿಗೆ ಮುಂದಿನ ವರ್ಷ ಹೋಗಾಣ!"

ಮುಂದಿನ ವರ್ಷ! ಮೈಯೆಲ್ಲ ಉರಿದುಹೋಯಿತು. ಅಳುವೂ ಬಂತು, ಸುಳ್ಳೇಕೆ ಹೇಳಲಿ. ಟಿಕೆಟ್ಟುಗಳು ನನ್ನ ಎಲೆಯಡಿಕೆ ಸಂಚಿಯಲ್ಲೇ ಇದ್ದವು. ಬೆಂಗಳೂರು ಗಾಡಿ ಬಂದಾಗ ಹತ್ತಿ ಕೂತೆ. ಇವರು ಹೇಳಿದ್ದು ಖರೆ, ಡಬ್ಬಿಯಲ್ಲಿ ಬೇಕಾದಷ್ಟು ಜಾಗವಿತ್ತು.

ದಾವಣಗೆರೆ ಬಂತು. ಜನ ನುಗ್ಗಿದರು. ನಮ್ಮ ಕೆ.ಬಿ. ಬಡಾವಣೆಯ ಜಟಕಾ ಹೊಡೆಯುವ ಬಡೇಸಾಬ್ ನನ್ನನ್ನು ಕಂಡು ಕಿಟಕಿಗೆ ಬಂದ.

"ಅಮ್ಮಾರೆ, ಹಾಲೇಶಪ್ಪ ಸಾವ್ಕಾರ್ರು ಎಲ್ಲಿ? ಇಳೀರಿ, ಜಟಕಾ ಐತೆ, ಮನಿಗೆ ಬಿಡ್ತೀನಿ."

ಟ್ರಂಕಿನ ಹಿಡಿಕೆಗೆ ಕೈ ಹೋಯಿತು. ಒಬ್ಬಳೇ ಊರಿಂದೂರಿಗೆ ಹೋದವಳಲ್ಲ ನಾನು. ಇಳಿದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಇಳಿದರೆ ಮತ್ತೆ ಮುಂದಿನ ಬೇಸಿಗೆ, ಮತ್ತೆ ಹತ್ತಿ ಧಾರಣೆ. ಕೈ ಹಿಂದಕ್ಕೆ ತೆಗೆದೆ.

"ಇಳಿಯಂಗಿಲ್ಲ ಬಡೇಸಾಬ್. ಅವರು ಹುಬ್ಬಳ್ಳಿ ಗಾಡ್ಯಾಗ ಹೋಗ್ಯಾರ. ವಾಪಸ್ ಬಂದ್ರೆ ಹೇಳಪ್ಪಾ, ನಾನು ಅಕ್ಕನ ಮನ್ಯಾಗ ಇದ್ದು ಲಾಲ್‌ಬಾಗ್ ನೋಡ್ಕೊಂಡು ಬರ್ತೀನಿ ಅಂತ."

ಅವನು ಗಾಬರಿಯಾದ. "ಯಾ ಅಲ್ಲಾ! ಸಾವ್ಕಾರ್ರು ಏನಂತಾರೋ?"

"ಲಾಲ್‌ಬಾಗ್ ಹೆಂಗೈತೆ ಅಂತ ಇಷ್ಟು ವರ್ಷ ಅವರು ಹೇಳಿದ್ರು, ನಾನು ಕೇಳಿದೆ. ಇನ್ನ ನಾನು ಹೇಳ್ತೀನಿ, ಅವರು ಕೇಳ್ಲಿ" ಎಂದೆ.