ಹುಲಿ ಸಾಹೇಬರ ಕೈಯಿಂದ ಪಾರಾದವನು

ಅಂಬರೀಷ ಸಾಹೇಬರಿಗೆ ಹುಲಿ ಅಂತ ಹೆಸರಿಟ್ಟದ್ದು ಹುಮನಾಬಾದಿನ ಜನ ಅಲ್ಲ, ಅವರಿಗೆ ಅವರೇ ಇಟ್ಟುಕೊಂಡದ್ದು. ಸಮಾಜರಕ್ಷಾ ದಳದ ಮುಖ್ಯಸ್ಥರಾಗಿ ಬಂದ ವಾರದೊಳಗೇ ಹೆದ್ದಾರಿಯ ಎರಡೂ ಬದಿಗೆ ಫ್ಲೆಕ್ಸ್ ಎದ್ದು ನಿಂತವು. ಕರಿ ಕನ್ನಡಕ, ತಿರುವಿದ ಮೀಸೆ, ಬೆನ್ನ ಹಿಂದೆ ಕಂಪ್ಯೂಟರಿನಲ್ಲಿ ಅಂಟಿಸಿದ ಒಂದು ಹುಲಿ, ಕೆಳಗೆ ದಪ್ಪಕ್ಷರದಲ್ಲಿ 'ಇವರ ಕೈಯಿಂದ ಇರುವೆಯೂ ಪಾರಾಗದು'. ಸಾಲದ್ದಕ್ಕೆ, ತಾವು ಜೀಪಿನಿಂದ ಇಳಿಯುವುದನ್ನು ನಿಧಾನಗತಿಯಲ್ಲಿ ವಿಡಿಯೊ ಮಾಡಿಸಿ, ಅದಕ್ಕೆ ಢಂ ಢಂ ಸಂಗೀತ ಹಾಕಿಸಿ, ಊರ ಮೊಬೈಲಿಗೆಲ್ಲ ಬಿಡಿಸುತ್ತಿದ್ದರು. ಅಲ್ರೀ, ಜೀಪಿನಿಂದ ಇಳಿಯುವುದೂ ಒಂದು ಶೌರ್ಯವೇ? ನಮ್ಮ ಕಡೆ ಒಂದು ಟಂಟಂ ಗಾಡಿಯಿಂದ ಹದಿನೈದು ಮಂದಿ ಇಳಿಯುತ್ತಾರೆ, ಯಾರಿಗೂ ಯಾರೂ ಸಂಗೀತ ಹಾಕುವುದಿಲ್ಲ.

ಆ ಫ್ಲೆಕ್ಸುಗಳಲ್ಲೊಂದು ಮನಿಷಾಳ ಕೋಣೆಯ ಕಿಟಕಿಗೆ ಎದುರಾಗಿಯೇ ನಿಂತಿತ್ತು. ಮನಿಷಾ ಟೈರ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಕೂತು, ಒಂದು ಮೊಬೈಲು, ಒಂದು ಮೈಕು ಇಟ್ಟುಕೊಂಡು ಸುದ್ದಿವಾಹಿನಿ ನಡೆಸುವವಳು. ದಳದವರು ಯಾರನ್ನು ಎತ್ತಿಕೊಂಡು ಹೋದರು, ಎಲ್ಲಿ ಹೊಡೆದರು, ಯಾಕೆ ಹೊಡೆದರು ಅನ್ನುವುದನ್ನು ಹೊಡೆಸಿಕೊಂಡವರ ಬಾಯಿಂದಲೇ ಹೇಳಿಸಿ ಊರಿಗೆ ತೋರಿಸುತ್ತಿದ್ದಳು. ಕೊಡಂಬಲದ ಒಬ್ಬ ಕೂಲಿಯವ ಕ್ಯಾಮೆರಾ ಮುಂದೆ ಅಂಗಿ ಎತ್ತಿ ಬೆನ್ನು ತೋರಿಸಿದ್ದ.

ಈ ಸರಕಾರ ಬಂದ ಮೇಲೆ ಕಾಯ್ದೆಯೇ ಹಾಗಿತ್ತು. ದಳದವರು ಯಾರನ್ನು ಬೇಕಾದರೂ ಹಿಡಿಯಬಹುದು, ಹಿಡಿದದ್ದನ್ನು ಯಾರಿಗೂ ಹೇಳಬೇಕಿಲ್ಲ, ಯಾಕೆ ಹಿಡಿದಿರಿ ಅಂತ ಕೇಳಿದವನನ್ನೂ ಹಿಡಿಯಬಹುದು. ದೊಡ್ಡ ದೊಡ್ಡ ಪತ್ರಿಕೆಗಳು 'ನಾಡಿನಲ್ಲಿ ಶಾಂತಿ ನೆಲೆಸಿದೆ' ಅಂತ ಬರೆದವು. ಶಾಂತಿಯಂತೆ ಶಾಂತಿ! ಬಾಯಿಗೆ ಅರಿವೆ ತುರುಕಿದರೆ ಯಾರ ಮನೆಯಾದರೂ ಶಾಂತವಾಗಿಯೇ ಇರುತ್ತದೆ.

ಹುಡಗಿ ಅನ್ನುವ ಹಳ್ಳಿಯ ಪಂಡರಿ ಎಮ್ಮೆ ಕಾಯುವವನು. ಕೆಮಿಕಲ್ ಕಾರ್ಖಾನೆಯೊಂದು ಹಳ್ಳಕ್ಕೆ ಬಿಟ್ಟ ನೀರು ಕುಡಿದು ಅವನ ಎಮ್ಮೆಗಳು ಬಾಯಲ್ಲಿ ನೊರೆ ಬಂದು ಸತ್ತವು. ಅಧಿಕಾರಿಗಳಿಗೆ ಹೇಳಿದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಡೆಗೆ ಸತ್ತ ಎಮ್ಮೆಯೊಂದನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಿ ಕಾರ್ಖಾನೆಯ ಗೇಟಿನ ಮುಂದೆ ಇಳಿಸಿ, ಅದರ ಪಕ್ಕ ಕೂತುಬಿಟ್ಟ. ದಳದವರು ಬಂದರು, ಗೇಟಿನ ಮುಂದೆಯೇ ಬಡಿದರು, ಜೀಪಿಗೆ ಎಸೆದುಕೊಂಡು ಹೋದರು. ಮನಿಷಾ ಅಷ್ಟನ್ನೂ ಚಿತ್ರ ತೆಗೆದು ತೋರಿಸಿದಳು. ಸಂಜೆಯೊಳಗೆ ಸರಕಾರದ ಆದೇಶ ಬಂತು, ವಾಹಿನಿ ಬಂದ್ ಆಯಿತು.

ಪಂಡರಿ ತಿರುಗಿ ಬರಲಿಲ್ಲ. "ಅವತ್ತ ಸಂಜಿಗೇ ಬಿಟ್ಟೇವಿ, ಎಲ್ಲಿಗೋ ಫರಾರಿ ಆಗ್ಯಾನ" ಅಂದರು ಸಾಹೇಬರು. ಕಲಬುರಗಿಯ ವಕೀಲರು ಮನಿಷಾಳಿಗೆ ಬಿಡಿಸಿ ಹೇಳಿದರು: ಪಂಡರಿ ದಳದವರ ಕೈಯಲ್ಲೇ ಇದ್ದಾನೆ ಅನ್ನಲು ಏನಾದರೂ ಆಧಾರ ಬೇಕು, ಇಲ್ಲದಿದ್ದರೆ ಕೋರ್ಟಿಗೆ ಹೋದರೂ ಕೇಸು ನಿಲ್ಲುವುದಿಲ್ಲ. ಅವನ ಹೆಂಡತಿ ಗಯಾಬಾಯಿ ದಿನಾ ಟೈರ್ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂಡುತ್ತಿದ್ದಳು. ಅವನನ್ನು ಹೊಡೆದು ಸಾಯಿಸಿ ಎಲ್ಲೋ ಹೂತಿದ್ದಾರೆ ಅಂತ ಊರಲ್ಲಿ ಗುಸುಗುಸು ಎದ್ದಿತ್ತು. ಆ ಮಾತು ಗಯಾಬಾಯಿಯ ಕಿವಿಗೂ ಬಿದ್ದಿತ್ತು. ಅವಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

"ಇದ್ದಾನೋ ಇಲ್ಲೋ ಅಷ್ಟರೆ ಹೇಳ್ಸವಾ ಅವರ ಬಾಯಿಂದ."

ಮನಿಷಾ ಕೆಳಗಿಳಿದು ಬಂದು ಮೆಟ್ಟಿಲ ಮೇಲೆ ಅವಳ ಪಕ್ಕ ಕೂಡುತ್ತಿದ್ದಳು.

ಅಷ್ಟರಲ್ಲಿ ಬಸವಕಲ್ಯಾಣದಿಂದ ದತ್ತಾತ್ರಿ ಬಂದ. ದತ್ತಾತ್ರಿ ಅಂದರೆ ಒಂದು ದಿನಪತ್ರಿಕೆಯ ಮಾಲಕ. ಮನಿಷಾ ಬರೆಯಲು ಕಲಿತದ್ದು ಅವನ ಕಚೇರಿಯಲ್ಲೇ. ಒಂದು ಕಾಲಕ್ಕೆ ತಹಶೀಲ್ದಾರರನ್ನು ನಡುಗಿಸಿದ ಮನುಷ್ಯ, ಈಗ ಸಾಹೇಬರ ಹುಟ್ಟುಹಬ್ಬಕ್ಕೆ ಪೂರ್ತಿ ಪುಟದ ಫೋಟೊ ಹಾಕುತ್ತಾನೆ. ಬಂದವನೇ ಸ್ಟೂಲಿನ ಮೇಲೆ ಕೂತು, ಬೆವರು ಒರೆಸಿಕೊಂಡು, ಹಲ್ಲು ಕಿಸಿದ.

"ನೋಡು ತಂಗಿ, ನಿನಗ ಖುಷಿ ಖಬರ್ ತಂದೀನಿ. ಪತ್ರಿಕಾ ದಿನಕ್ಕ ಬಸವಕಲ್ಯಾಣದಾಗ ದೊಡ್ಡ ಕಾರ್ಯಕ್ರಮ ಅದ. 'ನಿರ್ಭೀತ ಪತ್ರಕರ್ತೆ' ಅಂತ ನಿನಗ ಸನ್ಮಾನ. ಸಾಹೇಬ್ರು ಸ್ವಂತ ಕೈಲೆ ಶಾಲ್ ಹಾಕ್ತಾರ."

"ಯಾಕ ಕಾಕಾ, ಅವರ ಹೊಡಿಯೋ ಬಡಿಗಿಗಳೆಲ್ಲಾ ಮುರದಾವೇನು?"

"ಮಜಾಕ್ ಮಾಡಬ್ಯಾಡವಾ. ಸ್ಟೇಜ್ ಮ್ಯಾಲ 'ನಾ ತೋರಿಸಿದ್ದು ತಪ್ಪಾಗಿತ್ತು' ಅಂತ ಎರಡು ಮಾತ ಹೇಳು, ನಗುನಗುತ ಶಾಲ್ ಹೊದ್ಕೋ. ನಿನ್ನ ಚಾನೆಲ್ ಮರುದಿನಾನೇ ಚಾಲೂ ಆಗ್ತದ. ಒಲ್ಲೆಂದ್ರ ನಿನ್ನ ಮ್ಯಾಲೂ ಕಾಯ್ದೆ ಹಾಕ್ತಾರ."

ಎಂಥ ಜಾಣರು ನೋಡ್ರಿ! ಪತ್ರಕರ್ತರನ್ನು ಜೈಲಿಗೆ ಹಾಕಿದರೆ ಖರ್ಚು, ಗದ್ದಲ. ಶಾಲು ಹೊದಿಸಿದರೆ ಕೆಲಸ ಸಲೀಸು. ಥೂ, ಅಂತ ಉಗಿಯಬೇಕು ಅನ್ನಿಸಿತು ಮನಿಷಾಳಿಗೆ. ಬಾಯಿ ತೆರೆಯುವುದರೊಳಗೆ ದತ್ತಾತ್ರಿಯೇ ಮುಂದುವರಿಸಿದ.

"ಮತ್ತ ಅಲ್ಲಿ ನಿನ್ನ ಚ್ಯಾಷ್ಟಿ ನಡಸಬ್ಯಾಡ. ಆ ಮನಷ್ಯಾಗ ಬೈದ್ರ ನಡೀತದ, ಕ್ರೂರಿ ಅಂದ್ರೂ ಒಳಗ ಖುಷಿನೇ ಆಗ್ತಾನ. ಅವನ್ನ ನೋಡಿ ಯಾರರೆ ನಕ್ರ ಮಾತ್ರ ತಡಕೊಳ್ಳಂಗಿಲ್ಲ. ಹೋದ ತಿಂಗಳ ಜೀಪ್ ಇಳಿವಾಗ ಕಾಲ್ ಜಾರಿತ್ತು, ಒಬ್ಬ ಹೋಮ್ ಗಾರ್ಡ್ ಕಿಸಕ್ ಅಂದ. ಇನ್ನೂ ಸಸ್ಪೆಂಡ್ ಅದಾನ."

ಮನಿಷಾ ಉಗಿಯಲಿಲ್ಲ. ಕಿಟಕಿಯಾಚೆಯ ಫ್ಲೆಕ್ಸನ್ನು ಸ್ವಲ್ಪ ಹೊತ್ತು ನೋಡಿದಳು.

"ಬರ್ತೀನಿ ಕಾಕಾ," ಅಂದಳು.

ಬಸವಕಲ್ಯಾಣದ ಕಲ್ಯಾಣ ಮಂಟಪ ತುಂಬಿತ್ತು. ಸುಮ್ಮನೆ ತುಂಬಿದ್ದಲ್ಲ, ಹಳ್ಳಿಹಳ್ಳಿಗೆ ಗಾಡಿ ಕಳಿಸಿ ತುಂಬಿಸಿದ್ದು. ಗಾಡಿ ಹುಡಗಿ ಹಳ್ಳಿಗೂ ಹೋಗಿತ್ತು. ಮನಿಷಾ ಹೇಳಿದ್ದಕ್ಕೆ ಗಯಾಬಾಯಿ ಅದರಲ್ಲೇ ಬಂದು ಮಧ್ಯದ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದಳು. ಸರಕಾರಿ ವಾಹಿನಿಯವರು ಕಾರ್ಯಕ್ರಮವನ್ನು ನೇರ ಬಿಡುತ್ತಿದ್ದರು. ಸಾಹೇಬರ ಹುಕುಮಿನಂತೆ ಹುಮನಾಬಾದ್ ಬಸ್ ನಿಲ್ದಾಣದ ಮುಂದೆಯೂ ಒಂದು ದೊಡ್ಡ ಪರದೆ ಕಟ್ಟಿದ್ದರು.

ಸ್ವಾಗತ ಭಾಷಣವೇ ಮುಗಿಯಲೊಲ್ಲದು. ಮಾನ್ಯರು, ಸನ್ಮಾನ್ಯರು, ಜನಪ್ರಿಯರು, ಧೀಮಂತರು! ಅಷ್ಟು ಮಂದಿ ಧೀಮಂತರು ಒಂದೇ ಸ್ಟೇಜಿನ ಮೇಲೆ ಇದ್ದರೂ ಒಂದು ಹಳ್ಳದ ನೀರು ಶುದ್ಧ ಆಗಿರಲಿಲ್ಲ. ಕೊನೆಗೆ ಮನಿಷಾಳನ್ನು ಕುರ್ಚಿಯಲ್ಲಿ ಕೂಡಿಸಿ, ತಲೆಗೆ ಪೇಟ ಇಟ್ಟು, ತೊಡೆಯ ಮೇಲೆ ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿ ಹೇರಿದರು. ಅಂಬರೀಷ ಸಾಹೇಬರು ಶಾಲು ಹೊದಿಸಿ, ಅವಳ ಕಡೆ ನೋಡದೆ ಕ್ಯಾಮೆರಾ ಕಡೆ ನೋಡಿದರು.

ದತ್ತಾತ್ರಿ ಮೈಕು ಕೊಟ್ಟು, "ಎರಡೇ ಮಾತು" ಅಂತ ಕಿವಿಯಲ್ಲಿ ಉಸುರಿದ. ಮನಿಷಾ ಹಣ್ಣಿನ ಬುಟ್ಟಿ ಕೆಳಗಿಟ್ಟು ಎದ್ದು ನಿಂತಳು.

"ಎಲ್ಲಾರಿಗೂ ಶರಣು. ನಾ ಈ ಸನ್ಮಾನಕ್ಕ ಲಾಯಕ್ ಇಲ್ರಿ. ಪಂಡರಿ ಅಂಬರೀಷ ಸಾಹೇಬರ ಕೈಯಾಗ ಅದಾನ ಅಂತ ನಾ ಹೇಳಿಕೋತ ತಿರಗತಿದ್ದೆ. ತಪ್ಪಾಯ್ತ್ರಿ, ಮಾಫಿ ಇರಲಿ."

ಸ್ಟೇಜಿನ ಮೇಲೆ ಚಪ್ಪಾಳೆ ಬಿದ್ದವು. ಸಾಹೇಬರು ಮೀಸೆ ಮೇಲೆ ಕೈ ಆಡಿಸಿದರು. ಗಯಾಬಾಯಿ ಮಾತ್ರ ತಲೆ ಎತ್ತಿ ಮನಿಷಾಳನ್ನೇ ನೋಡಿದಳು. ಆ ನೋಟ ತಡೆದುಕೊಳ್ಳುವುದೇ ಮನಿಷಾಳಿಗೆ ಎಲ್ಲಕ್ಕಿಂತ ಕಷ್ಟ ಆಯಿತು.

"ಸಾಹೇಬರೇ ಹೇಳ್ಯಾರ, ಅಂವ ಫರಾರಿ ಆಗ್ಯಾನಂತ. ಸಾಹೇಬ್ರು ಸುಳ್ಳ ಹೇಳ್ತಾರೇನ್ರಿ? ಬಿಟ್ಟಾಂವ ಯಾಕ ಫರಾರಿ ಆಗ್ತಾನ್ರಿ, ತಪ್ಪಿಸಿಕೊಂಡಾಂವನೇ ಫರಾರಿ ಆಗೋದು. ಪಂಡರಿ ಅಂದ್ರ ಎಮ್ಮಿ ಕಾಯೋ ಮನಷ್ಯಾ. ಮೊಣಕಾಲ ಬ್ಯಾನಿ. ಅವನ ಎಮ್ಮಿನೇ ಅವನಗಿಂತ ಜೋರ್ ಓಡತಿದ್ವು. ಅಂಥಾಂವ ಇಷ್ಟು ಜೀಪು, ಇಷ್ಟು ಬಂದೂಕು, ಇಷ್ಟು ದೊಡ್ಡ ಮೀಸಿ, ಎಲ್ಲಾದಕ್ಕೂ ಮಣ್ಣ ಮುಕ್ಕಿಸಿ ಕುಂಟಿಕೋತ ಪಾರಾಗ್ಯಾನಂದ್ರ ಏನ್ ಹೇಳಬೇಕ್ರಿ!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ ಅಂದರು.

"ಫ್ಲೆಕ್ಸ್‌ನಾಗ ಇರುವಿ ಅಂತ ಬರಸ್ಯಾರ. ಇರುವಿ ಮಾತ್ ಬಿಡ್ರಿ, ಎಮ್ಮಿ ಕಾಯೋನೇ ಪಾರಾದ! ಝಹೀರಾಬಾದ್ ಬಜಾರದಾಗ ಚಾ ಕುಡಕೋತ ಕೂತು, ಸಾಹೇಬರು ಜೀಪ್ ಇಳಿಯೋ ವಿಡಿಯೊ ನೋಡಿ ಹೊಟ್ಟಿ ಹಿಡಕೊಂಡ ನಗತಿದ್ನಂತ. ಮಂದಿ ಮಾತಾಡಾಕತ್ತಾರ, ನನಗೇನ್ ಗೊತ್ತು."

ಈಗ ಇಡೀ ಮಂಟಪ ನಕ್ಕಿತು. ಎಷ್ಟು ದಿನದಿಂದ ನುಂಗಿಕೊಂಡಿದ್ದ ನಗುವೋ ಏನೋ, ಗಾಡಿಯಲ್ಲಿ ತುಂಬಿಕೊಂಡು ಬಂದ ಜನವೇ ಬಾಯಿಗೆ ಸೆರಗು, ಟವೆಲು ಒತ್ತಿಕೊಂಡು ನಕ್ಕಿತು. ಸಾಹೇಬರ ಮುಖ ಕೆಂಪಾಯಿತು, ಕಿವಿ ಕೂಡ ಕೆಂಪಾದವು. ಕನ್ನಡಕ ತೆಗೆದರು. ಕನ್ನಡಕ ಇಲ್ಲದ ಕಣ್ಣು ನೋಡಿದರೆ ಸಣ್ಣವು, ಪಿಳಿಪಿಳಿ ಅನ್ನುವಂಥವು.

ಮನಿಷಾ ಶಾಲು ತೆಗೆದು ಮಡಿಚಿದಳು. "ಈ ಶಾಲ್ ನನಗ ಒಪ್ಪಂಗಿಲ್ರಿ. ಹುಲಿಗೇ ಕೈಕೊಟ್ಟು ಪಾರಾದ ಪಂಡರಿಗೆ ಇದನ್ನ ಹೊದ್ದಿಸ್ರಿ."

"ಏಯ್!" ಸಾಹೇಬರು ಎದ್ದು ಬಂದು ಮೈಕು ಕಸಿದುಕೊಂಡರು. "ಯಾವನ್ ಪಾರಾಗ್ಯಾನ? ನನ್ನ ಕೈಯಾಗಿಂದ? ಪಾರಾಗೋನು ಇನ್ನಾ ಹುಟ್ಟಬೇಕು! ಎಲ್ಲೂ ಹೋಗಿಲ್ಲ ಆ ಮಗಾ. ಕಾರ್ಖಾನಿ ಹಿಂದ ನಮ್ಮ ಗೋದಾಮಿನ್ಯಾಗ ಬಿದ್ದಾನ. ಇವತ್ತ ಮುಂಜಾನಿನೇ ನನ್ನ ಬೂಟ್ ಹಿಡದು ಅತ್ತಾನ, ಕೇಳ್ರಿ ಬೇಕಂದ್ರ ನನ್ನ ಹುಡುಗರಿಗೆ!"

ನಗು ನಿಂತಿತು. ದತ್ತಾತ್ರಿ ಕೈಯಲ್ಲಿದ್ದ ಹಾರ ಕೆಳಗೆ ಬಿಟ್ಟ. ಕ್ಯಾಮೆರಾದವ ಪಾಪ, ನಿಲ್ಲಿಸು ಅಂತ ಯಾರೂ ಹೇಳದ್ದರಿಂದ ಬಿಡುತ್ತಲೇ ಇದ್ದ. ತಾವು ಏನಂದೆವು ಅನ್ನುವುದು ಸಾಹೇಬರಿಗೆ ತಡವಾಗಿ ಹೊಳೆಯಿತು. ಬಾಯಿ ತೆರೆದರು, ಮುಚ್ಚಿದರು.

ಮಧ್ಯದ ಸಾಲಿನಿಂದ ಗಯಾಬಾಯಿ ಎದ್ದಳು.

"ಮುಂಜಾನಿ ಅತ್ತಾನಂತ," ಅಂದಳು ಪಕ್ಕದವರಿಗೆ, ಯಾರೂ ಕೇಳಿಸಿಕೊಂಡಿಲ್ಲವೇನೋ ಅನ್ನುವ ಹಾಗೆ. "ಕೇಳಿದ್ರ್ಯಾ? ಜೀವ ಅದ! ಅಳತಾನಂದ್ರ ನನ್ನ ಗಂಡಗ ಜೀವ ಅದ!" ಎದೆ ಬಡಿದುಕೊಂಡು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಸ್ಟೇಜಿನ ಕೆಳಗೆ ಬಂದು ನಿಂತಳು. "ನಡೀರಿ ಸಾಹೇಬ್. ಗೋದಾಮು ತೋರಸ್ರಿ."

"ತೋರಸ್ರಿ, ತೋರಸ್ರಿ" ಅಂತ ಸಭೆ ಎದ್ದು ನಿಂತಿತು. ಧೀಮಂತರು ಹಿಂಬಾಗಿಲು ಹುಡುಕಿದರು. ಅತ್ತ ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಪರದೆ ನೋಡುತ್ತಿದ್ದ ಜನ, ಸಾಹೇಬರ ಫೋನು ಗೋದಾಮಿಗೆ ಮುಟ್ಟುವುದರೊಳಗೇ ಕಾರ್ಖಾನೆಯ ಹಿಂದಿನ ದಾರಿ ಹಿಡಿದಿದ್ದರು.

ಮನಿಷಾಳನ್ನು ಹಿಂಬಾಗಿಲಿನಿಂದ ಜೀಪಿಗೆ ಹತ್ತಿಸಿದರು. ಅದೇ ಕಾಯ್ದೆ, ಇನ್ನೇನು. ಕಾವಲಿಗೆ ಕೂತವಳು ಭಾಗಮ್ಮ ಅನ್ನುವ ಮಹಿಳಾ ಪೇದೆ. ಹುಮನಾಬಾದ್ ಹತ್ತಿರ ಬಂದಾಗ ಭಾಗಮ್ಮನ ಮೊಬೈಲು ಗುಂಯ್ ಅಂದಿತು. ಡ್ರೈವರ್ ಕಡೆ ಒಮ್ಮೆ ನೋಡಿ, ಅದನ್ನು ಸದ್ದಿಲ್ಲದೆ ಮನಿಷಾಳ ಮುಂದೆ ಹಿಡಿದಳು. ವಿಡಿಯೊದಲ್ಲಿ ಗೋದಾಮಿನ ಬಾಗಿಲು ಮುರಿದಿತ್ತು. ನಾಲ್ಕು ಜನ ಪಂಡರಿಯನ್ನು ಹೊತ್ತುಕೊಂಡು ಹೊರಗೆ ಬರುತ್ತಿದ್ದರು. ಅವನ ಒಂದು ಕಣ್ಣು ಬಾತು ಮುಚ್ಚಿಹೋಗಿತ್ತು. ಇನ್ನೊಂದು ತೆರೆದಿತ್ತು.

ಭಾಗಮ್ಮ ಮೊಬೈಲು ಒಳಗಿಟ್ಟು ಪಿಸುಗುಟ್ಟಿದಳು. "ಅಂವ ಇನ್ನಾ ಬದುಕ್ಯಾನ ಅಂತ ನಿಮಗ ಹ್ಯಾಂಗ ಗೊತ್ತಿತ್ರಿ ಅಕ್ಕಾ?"

"ನನಗೆಲ್ಲಿ ಗೊತ್ತಿತ್ತವಾ," ಅಂದಳು ಮನಿಷಾ. "ನಿಮ್ಮ ಸಾಹೇಬ್ರೇ ಹೇಳಿದ್ರಲ್ಲ."