ಉಲ್ಟಾ ತಿರುಗಿದ ಚಕ್ರ

ಹಳೆ ಗಾಡಿ ಮಾರುವ ದಲ್ಲಾಳಿಯ ಅಂಗಳದಲ್ಲಿ ನಾನು ಹಿಂದಿನ ಚಕ್ರಗಳ ಕೆಸರು ಒರೆಸುತ್ತಿದ್ದೆ. ನಾವು ಕೊಳ್ಳಲು ಬಂದಿದ್ದ ಹಳೆಯ ಪಿಕಪ್ಪಿನ ಹಿಂಭಾಗವನ್ನು ಜಾಕ್ ಹಾಕಿ ಎತ್ತಿದ್ದರು. ನಾಲ್ಕೂ ಚಕ್ರ ಎಳೆಯುವುದನ್ನು ಅಣ್ಣ ಆಗಲೇ ಮರಳಿನಲ್ಲಿ ಓಡಿಸಿ ನೋಡಿದ್ದ. ನೋಡಲು ಉಳಿದದ್ದು ಹಿಂದಿನ ಚಕ್ರಗಳನ್ನು ಜೋಡಿಸುವ ಲಾಕ್ ಮಾತ್ರ. ಅದು ಬಿದ್ದರೆ ಎರಡೂ ಒಟ್ಟಿಗೇ ಒಂದೇ ದಿಕ್ಕಿಗೆ ತಿರುಗುತ್ತವೆ, ಕಲ್ಲುಕೋರೆಯ ಜಾರು ಏರಿನಲ್ಲಿ ಒಂದೇ ಚಕ್ರ ಸುಮ್ಮನೆ ಸುತ್ತುವುದಿಲ್ಲ. ಹಾಗೆ ಸುತ್ತಿದ್ದರಿಂದಲೇ ಅಪ್ಪನ ಗಾಡಿ ಹಿಂದಕ್ಕೆ ಜಾರಿ ಕಂದಕಕ್ಕೆ ಬಿತ್ತು. ಅಪ್ಪ ಉಳಿಯಲಿಲ್ಲ.

ಅಣ್ಣ ಒಳಗೆ ಕೂತು ಗುಂಡಿ ಒತ್ತಿದ. ಲಾಕಿನ ದೀಪ ಹತ್ತಿತು. ನಾನು ಎಡಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿದೆ. ಬಲಚಕ್ರ ಹಿಂದಕ್ಕೆ ತಿರುಗಿತು. ಮತ್ತೆ ತಿರುಗಿಸಿದರೂ ಹಾಗೆಯೇ.

“ಉಲ್ಟಾ ಹೋಗ್ತಿದೆ. ಲಾಕ್ ಬಿದ್ದಿಲ್ಲ,” ಎಂದೆ.

“ದೀಪ ಹತ್ತಿದೆಯಲ್ಲ ತಾಯಿ. ಇನ್ನೇನು, ಗಾಡಿನೇ ಬಾಯಿಬಿಟ್ಟು ಹೇಳ್ಬೇಕಾ?” ಎಂದು ದಲ್ಲಾಳಿ ನಕ್ಕ.

ಅಣ್ಣ ಕನ್ನಡಿಯಲ್ಲಿ ಎಲ್ಲವನ್ನೂ ನೋಡಿದ್ದ. ಆದರೆ ನಾಳೆಯೊಳಗೆ ಗಾಡಿ ತರದಿದ್ದರೆ ಕಲ್ಲು ಸಾಗಿಸುವ ಕೆಲಸ ಬೇರೆಯವರಿಗೆ ಎಂದು ಕೋರೆಯ ಮೇಸ್ತ್ರಿ ಹೇಳಿಯಾಗಿತ್ತು. ನಮ್ಮ ಕೈಗೆಟುಕುವ ಗಾಡಿ ಇದೊಂದೇ.

“ಹೇಗೋ ಸಂಭಾಳಿಸ್ತೀನಿ ಬಿಡು. ಜಾಕ್ ಇಳಿಸು,” ಎಂದು ಅವನು ಕೆಳಗಿಳಿದು ದುಡ್ಡು ಕೊಡಲು ದಲ್ಲಾಳಿಯ ಹಿಂದೆ ಕೋಣೆಯ ಕಡೆ ನಡೆದ.

“ಅಣ್ಣ, ಇದನ್ನ ಆ ಏರಿಗೆ ಒಯ್ಯಬೇಡ,” ಎಂದೆ.